ಅಮೃತಂ ಹುಡಿ ಕೋಳಿಗೆ ಬೀಳುವುದು ಯಾಕೆ?

ಓದುಗರ ಪತ್ರ: "ಅಂಗನವಾಡಿಯಲ್ಲಿ ಕೂಸುಗಳಿಗೆ ಕೊಡುವ ಅಮೃತಂ ಹುಡಿಯನ್ನು ನಮ್ಮ ಕಡೆ ಕೆಲವರು ಕೋಳಿಗೆ ಹಾಕುತ್ತಾರೆ. ತೂಕ ನೋಡುವ ದಿನ ಮಗುವನ್ನು ಕರೆತರುವುದಿಲ್ಲ. ಇಂಥವರನ್ನು ಕೂರಿಸಿಕೊಂಡು ಸಮಿತಿ, ಸಭೆ ಎಂದು ಕಾಲ ಕಳೆಯುವುದೇಕೆ? ಸರಕಾರವೇ ಬಿಗಿ ಮಾಡಲಿ."
– ನಿವೃತ್ತ ಅಧ್ಯಾಪಕರೊಬ್ಬರು, ಬದಿಯಡ್ಕ, ಕಾಸರಗೋಡು ಜಿಲ್ಲೆ

ಸಂಪಾದಕರ ಉತ್ತರ: ಮಾಸ್ಟ್ರೇ, ನೆರೆಮನೆಯ ಮಗುವಿನ ತೂಕದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವವರು ಈಗ ಕಡಿಮೆ. ಪತ್ರ ಓದಿ ಖುಷಿಯಾಯಿತು. ಮನೆಯವರ ಉದಾಸೀನವೂ ಇದೆ, ಒಪ್ಪಿದೆ. ಆದರೆ ಬಿಗಿ ಮಾಡಿದರೆ ಹುಡಿ ಕೋಳಿಗೆ ಬೀಳುವುದು ನಿಲ್ಲಬಹುದು. ಮಗುವಿನ ಹೊಟ್ಟೆಗೆ ಹೋಗುತ್ತದಾ?

ಆ ಹುಡಿ ಎಲ್ಲಿಂದಲೋ ಬಂದದ್ದಲ್ಲ. ಗೋಧಿ, ಕಡಲೆ, ಸೋಯಾ, ನೆಲಗಡಲೆ, ಸಕ್ಕರೆ ಸೇರಿಸಿ ಅದನ್ನು ರೂಪಿಸಿದ್ದು ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ), ನಾವು ತೆಂಗಿನ ಸಸಿ ಕೇಳಲು ಹೋಗುವ ಅದೇ ಕೇಂದ್ರ. ಮಾಡುವವರು ಕೇರಳ ಸರಕಾರದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಹೆಂಗಸರು. ಅಂಗನವಾಡಿ ಆಹಾರಕ್ಕೆ ಗುತ್ತಿಗೆದಾರರು ಬೇಡ, ಊರಿನ ಮಹಿಳಾ ಗುಂಪುಗಳಿಗೆ ಕೊಡಿ ಎಂದು ಸುಪ್ರೀಂ ಕೋರ್ಟು 2004ರಲ್ಲೇ ಹೇಳಿತ್ತು. ಕೆಲವು ರಾಜ್ಯಗಳಲ್ಲಿ ಗುತ್ತಿಗೆದಾರರು ಮಹಿಳಾ ಮಂಡಲಗಳ ಹೆಸರಲ್ಲೇ ಮತ್ತೆ ಒಳಗೆ ಬಂದರು. ಕೇರಳ ಈ ಕೆಲಸವನ್ನು ಹೆಂಗಸರ ಕೈಗೇ ಕೊಟ್ಟಿತು. ಅದಕ್ಕೆ ಮೆಚ್ಚುಗೆ ಸಲ್ಲಲೇಬೇಕು.

ಆದರೆ ತಿನ್ನಿಸುವವರನ್ನು ಯಾರು ಮಾತಾಡಿಸಿದರು? ನಮ್ಮ ಅಜ್ಜಿಯಂದಿರು ಕೂಸಿಗೆ ರಾಗಿ ಮಣ್ಣಿ ಮಾಡುತ್ತಾರೆ. ನೇಂದ್ರ ಬಾಳೆಕಾಯಿ ಒಣಗಿಸಿ ಹುಡಿ ಮಾಡಿಡುತ್ತಾರೆ. ಪ್ಯಾಕೆಟಿನ ಹುಡಿಗೆ ನೀರೆಷ್ಟು, ಎಷ್ಟು ಹೊತ್ತು ಬೇಯಿಸಬೇಕು, ರಾಗಿ ಮಣ್ಣಿಯಲ್ಲಿ ಬೆರೆಸಬಹುದಾ ಅಂತ ಆ ಅಜ್ಜಿಯ ಪಕ್ಕ ಕೂತು ಹೇಳಿದವರು ಯಾರು? ಸಭೆ ಇಡುವುದು ಬೆಳಿಗ್ಗೆ ಹನ್ನೊಂದಕ್ಕೆ. ಆಗ ತಾಯಿ ಬೀಡಿ ಕಟ್ಟುತ್ತಿರುತ್ತಾಳೆ, ಇಲ್ಲವೇ ತೋಟದಲ್ಲಿ ಅಡಿಕೆ ಹೆಕ್ಕುತ್ತಿರುತ್ತಾಳೆ. ಕೂಲಿ ಬಿಟ್ಟು ಬಂದರೂ ಮನೆಮಾತು ತುಳು, ಓದಿದ್ದು ಕನ್ನಡ, ಗೋಡೆಯ ಪೋಸ್ಟರು ಮಲಯಾಳ. ತಲೆಯಾಡಿಸಿ, ಸಹಿ ಹಾಕಿ ಹೋಗುತ್ತಾಳೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇಲ್ಲಿನ ಕಚೇರಿಗಳಲ್ಲಿ ನಮ್ಮವರು ಹೀಗೇ ತಲೆಯಾಡಿಸುತ್ತಿದ್ದಾರೆ. ಜಾಗದ ಕಾಗದವಾದರೆ ಯಾರನ್ನಾದರೂ ಜೊತೆಗೆ ಕರೆದೊಯ್ಯಬಹುದು. ಕೂಸಿನ ಊಟಕ್ಕೆ ದಿನಾ ಯಾರನ್ನು ಕರೆಯುವುದು?

ಮಹಾರಾಷ್ಟ್ರದ ಜಾಮಖೇಡಿನ ಕೆಲಸದ ಬಗ್ಗೆ ನೀವು ಓದಬೇಕು. ಡಾಕ್ಟರ್ ದಂಪತಿ ರಜನಿಕಾಂತ್ ಮತ್ತು ಮೇಬಲ್ ಆರೋಳೆ 1970ರಲ್ಲಿ ಶುರು ಮಾಡಿದ್ದು. ಆರೋಗ್ಯ ಕಾರ್ಯಕರ್ತೆಯರನ್ನು ಊರಿನವರೇ ಆರಿಸಿದರು. ಅವರಲ್ಲಿ ಎಷ್ಟೋ ಮಂದಿಗೆ ಓದು ಬರಹ ಬರುತ್ತಿರಲಿಲ್ಲ, ದಲಿತ ಹೆಂಗಸರೂ ಇದ್ದರು. ಅದೇ ಬೀದಿಯವಳು, ಅದೇ ಮಾತಿನವಳು ಬಂದು ಹೇಳಿದಾಗ ತಾಯಂದಿರು ಕೇಳಿದರು. ಅಲ್ಲಿ ಬಿಗಿ ಮಾಡಿದ್ದು ಯಾರು, ಹೇಳಿ?

ಕೇರಳದ ಲೆಕ್ಕವನ್ನೂ ನೋಡಿ. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ, ಐದು ವರ್ಷದೊಳಗಿನ ಮಕ್ಕಳು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 19.7. ಅದರ ಮುಂದಿನದರಲ್ಲಿ ಶೇ. 23.4. ಇಡೀ ದೇಶದಲ್ಲಿ ಇಳಿದಾಗ ಇಲ್ಲಿ ಏರಿತು. ಪ್ಯಾಕೆಟು ಹಂಚಿದರೆ ಸಾಕಾಗುವಂತಿದ್ದರೆ ಹೀಗಾಗುತ್ತಿತ್ತಾ?

2025ರಲ್ಲಿ ಒಂದು ಪುಟ್ಟ ಮಗು ಅಂಗನವಾಡಿಯಲ್ಲಿ ಉಪ್ಪಿಟ್ಟು ಬೇಡ, ಬಿರಿಯಾನಿ ಬೇಕು ಎಂದ ವಿಡಿಯೊ ಎಲ್ಲೆಡೆ ಓಡಾಡಿತು. ಸರಕಾರ ಊಟದ ಪಟ್ಟಿಯನ್ನೇ ಬದಲಿಸಿ ಮೊಟ್ಟೆ ಬಿರಿಯಾನಿ ಸೇರಿಸಿತು. ತುಂಬ ಒಳ್ಳೆಯದಾಯಿತು. ಆದರೆ ಆ ಮಗು ಕೇಳಿದ್ದು ಮಲಯಾಳದಲ್ಲಿ. ಮಂಜೇಶ್ವರ ಕಡೆಯ ಕೊರಗ ಬುಡಕಟ್ಟಿನ ಕೂಸು ತುಳುವಿನಲ್ಲಿ ಕೇಳಿದರೆ ತಿರುವನಂತಪುರದವರೆಗೆ ಕೇಳಿಸೀತಾ? ಅದಕ್ಕೇ ಸಮಿತಿ ಬೇಕು, ಸಭೆ ಬೇಕು ಅಂತ ನಾನು ಹಟ ಹಿಡಿಯುವುದು.

ಮಾಸ್ಟ್ರೇ, ನಿಮಗೆ ಮೂರು ಭಾಷೆಯೂ ಬರುತ್ತಿರಬೇಕು. ಊರಿನವರು ನಿಮ್ಮ ಮಾತು ಕೇಳುತ್ತಾರೆ. ಮುಂದಿನ ಗ್ರಾಮಸಭೆಯಲ್ಲಿ ಎರಡೇ ವಿಷಯ ಎತ್ತಿ: ಅಂಗನವಾಡಿ ಸಭೆ ಭಾನುವಾರ ಮಧ್ಯಾಹ್ನಕ್ಕೆ ಇಡಿ, ಪೋಸ್ಟರು ಕನ್ನಡದಲ್ಲೂ ಹಾಕಿ. ಆಮೇಲೆ ಹುಡಿ ಕೋಳಿಗೆ ಹಾಕಿದ ಆ ಮನೆಗೇ ಹೋಗಿ, ಬೈಯದೆ, ಯಾಕೆ ಅಂತ ಕೇಳಿ. ಅವರು ಹೇಳಿದ್ದನ್ನು ನಮಗೆ ಬರೆದು ಕಳಿಸಿ. ಇದೇ ಪುಟದಲ್ಲಿ ಹಾಕುತ್ತೇವೆ.