ಊಟದ ಟೇಬಲ್ಲಿನ ಸೈನ್‌ಫೆಲ್ಡ್

ತಮ್ಮಾ, ನೀನು ನನ್ನನ್ನು 'ಅಕ್ಕಾ' ಅಂತ ಕರೆದಿದ್ದೀಯ, ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ. ನ್ಯೂಜೆರ್ಸಿಗೆ ಬಂದು ಎರಡು ತಿಂಗಳಾಯಿತು, ಮಧ್ಯಾಹ್ನ ಊಟಕ್ಕೆ ಕೂತಾಗ ಆಫೀಸಿನವರು 'ಡಬಲ್ ಡಿಪ್', 'ನೋ ಸೂಪ್ ಫಾರ್ ಯು' ಅಂತ ಹೇಳಿ ನಗುತ್ತಾರೆ, ಇದಕ್ಕೆಲ್ಲ ಹಳೇ ಸೀರಿಯಲ್ ನೋಡಬೇಕಾ ಅಂತ ಕೇಳಿದ್ದೀಯ. ನೋಡು, ಖಂಡಿತ ನೋಡು.

ಅದು ಸೈನ್‌ಫೆಲ್ಡ್ ಅನ್ನೋ ಹಾಸ್ಯ ಸೀರಿಯಲ್. 1989ರಿಂದ 1998ರವರೆಗೆ ಇಲ್ಲಿನ ಎನ್‌ಬಿಸಿ ಟಿವಿ ಚಾನೆಲ್ಲಿನಲ್ಲಿ ಬಂತು. ನಾನು ಅಮೆರಿಕಕ್ಕೆ ಬಂದಿದ್ದು 1996ರಲ್ಲಿ. ಗುರುವಾರ ರಾತ್ರಿ 9 ಗಂಟೆಗೆ ತಪ್ಪದೆ ಟಿವಿ ಮುಂದೆ ಕೂರುತ್ತಿದ್ದೆ. ನ್ಯೂಯಾರ್ಕಿನ ನಾಲ್ಕು ಜನ ಗೆಳೆಯರ ಕಥೆ. ಸ್ಟ್ಯಾಂಡಪ್, ಅಂದರೆ ವೇದಿಕೆ ಮೇಲೆ ಒಬ್ಬನೇ ನಿಂತು ಮಾತಾಡಿ ನಗಿಸುವ ಕೆಲಸ ಮಾಡುವ ಜೆರ್ರಿ, ಒಂದು ಸುಳ್ಳು ಮುಚ್ಚೋಕೆ ಹತ್ತು ಸುಳ್ಳು ಹೇಳುವ ಜಾರ್ಜ್, ಜೋರು ಬಾಯಿಯ ಎಲೈನ್, ಬಾಗಿಲು ತಟ್ಟದೆ ನುಗ್ಗುವ ಎದುರು ಮನೆಯ ಕ್ರೇಮರ್. ಒಂದು ಇಡೀ ಕಂತು ಚೈನೀಸ್ ಹೋಟೆಲಿನಲ್ಲಿ ಟೇಬಲ್ಲಿಗೆ ಕಾಯುವುದರಲ್ಲೇ ಮುಗಿಯುತ್ತದೆ!

ನನಗೆ ಅದು ಹಿಡಿಸಿದ್ದಕ್ಕೆ ಕಾರಣ ಇದೆ. ಇಲ್ಲಿನ ಸಣ್ಣಪುಟ್ಟ ಕಟ್ಟುಪಾಡುಗಳನ್ನು ಯಾರೂ ಕೂರಿಸಿಕೊಂಡು ಹೇಳಿಕೊಡಲ್ಲ. ಈ ಸೀರಿಯಲ್‌ನಲ್ಲಿ ಜಗಳವೆಲ್ಲ ಅವುಗಳ ಮೇಲೇ. ಜಾರ್ಜ್ ಒಂದೇ ಚಿಪ್ಸನ್ನು ಕಚ್ಚಿ ಮತ್ತೆ ಡಿಪ್‌ನಲ್ಲಿ, ಅಂದರೆ ಎಲ್ಲರೂ ನಂಚಿಕೊಳ್ಳೋಕೆ ಇಟ್ಟ ಬಟ್ಟಲಿನಲ್ಲಿ, ಅದ್ದುತ್ತಾನೆ. ಸಾವಿನ ಮನೆಯಲ್ಲೇ ಹೊಡೆದಾಟ ಆಗುತ್ತದೆ. ಅದೇ ಡಬಲ್ ಡಿಪ್. ನಮ್ಮ ಎಂಜಲು, ಅಲ್ವಾ? ಅದು ಸುಲಭವಾಗಿ ಅರ್ಥವಾಯಿತು. ಅರ್ಥವಾಗದೆ ಇದ್ದದ್ದು ಉಡುಗೊರೆ ವಿಷಯ. ಅರಿಶಿನ ಕುಂಕುಮಕ್ಕೆ ಬಂದ ರವಿಕೆ ಕಣವನ್ನು ಇನ್ನೊಬ್ಬರಿಗೆ ಕೊಡೋದು ನಮ್ಮಲ್ಲಿ ಮಾಮೂಲು. ಅಲ್ಲಿ ಎಲೈನ್ ಒಬ್ಬ ಹಲ್ಲಿನ ಡಾಕ್ಟರಿಗೆ ಲೇಬಲ್ ಮೇಕರ್ (ಹೆಸರಿನ ಚೀಟಿ ಅಚ್ಚು ಹಾಕುವ ಯಂತ್ರ) ಕೊಟ್ಟಿರುತ್ತಾಳೆ, ಅವನು ಅದನ್ನೇ ಜೆರ್ರಿಗೆ ಉಡುಗೊರೆ ಕೊಡುತ್ತಾನೆ. ಅದೇ ದೊಡ್ಡ ರಂಪ. ಇನ್ನು ಸೂಪ್ ಮಾತು 1995ರ ಒಂದು ಕಂತಿನದು. ಅದರಲ್ಲೊಂದು ಸೂಪ್ ಅಂಗಡಿ. ಸಾಲಿನಲ್ಲಿ ನಿಲ್ಲು, ಬೇಕಾದ್ದು ಹೇಳು, ದುಡ್ಡು ಕೊಡು, ಪಕ್ಕಕ್ಕೆ ಸರಿ. ಒಂದು ಮಾತು ಜಾಸ್ತಿ ಆಡಿದರೆ ಆ ಅಂಗಡಿಯವನು 'ನೋ ಸೂಪ್ ಫಾರ್ ಯು', ನಿನಗೆ ಸೂಪ್ ಇಲ್ಲ ಅಂದುಬಿಡುತ್ತಾನೆ.

ಆದರೆ ನೀನು ಮೊದಲು ನೋಡಬೇಕಾದ್ದು ಬಾಬು ಭಟ್‌ನ ಎರಡು ಕಂತು. ಪಾಕಿಸ್ತಾನದಿಂದ ಬಂದ ಬಾಬು ಜೆರ್ರಿಯ ಮನೆ ಎದುರು ಹೋಟೆಲ್ ಇಡುತ್ತಾನೆ. ನಿನ್ನ ಊರಿನ ಅಡುಗೆ ಮಾತ್ರ ಮಾಡು ಅಂತ ಜೆರ್ರಿ ಬುದ್ಧಿ ಹೇಳುತ್ತಾನೆ, ಹೋಟೆಲ್ ಮುಚ್ಚಿಹೋಗುತ್ತದೆ. ಅದು 1991ರದು. 1993ರ ಕಂತಿನಲ್ಲಿ ಬಾಬುವಿನ ವೀಸಾ ನವೀಕರಣದ ಕಾಗದ ಜೆರ್ರಿಯ ಟಪಾಲಿನಲ್ಲಿ ಸೇರಿಕೊಳ್ಳುತ್ತದೆ. ಆ ಟಪಾಲು ಎಲೈನ್ ಹತ್ತಿರ ಉಳಿಯುತ್ತದೆ. ಬಾಬುವನ್ನು ಹಿಡಿದು ವಾಪಸ್ ಕಳಿಸುತ್ತಾರೆ. ನೋಡಿದವರೆಲ್ಲ ನಕ್ಕರು. ನಾನು ನಗಲಿಲ್ಲ. ನಮ್ಮ ಗ್ರೀನ್ ಕಾರ್ಡಿನ ಬೆರಳಚ್ಚಿಗೆ ಬರಬೇಕೆಂಬ ಪತ್ರವೂ ಹೀಗೇ ಪಕ್ಕದ ಮನೆಯಾಕೆಯ ಟಪಾಲು ಡಬ್ಬಿಗೆ ಬಿದ್ದಿತ್ತು. ಆಕೆ ಅದನ್ನು ತಂದು ಕೊಟ್ಟಾಗ ದಿನಾಂಕಕ್ಕೆ ಇನ್ನು ಎರಡೇ ದಿನ. ಕೈ ನಡುಗಿತ್ತು ನನಗೆ.

ಮನೆ ಬದಲಾಯಿಸಿದರೆ 10 ದಿನದೊಳಗೆ ಇಮಿಗ್ರೇಷನ್ನಿನವರಿಗೆ ಹೊಸ ವಿಳಾಸ ತಿಳಿಸಬೇಕು, ಅದು ಕಾನೂನು. ಅಂದಹಾಗೆ, ನಿಮ್ಮ ಅಪಾರ್ಟ್‌ಮೆಂಟಿನ ಟಪಾಲು ಡಬ್ಬಿ ಮೇಲೆ ನಿನ್ನ ಹೆಸರು ಇದೆಯಾ? ಇಲ್ಲದಿದ್ದರೆ ಇವತ್ತೇ ಅಂಟಿಸು.