ಬೆಲೆ ಒಂದೇ ಆದರೆ ಒಳಒಪ್ಪಂದವೇ?

ಪ್ರಶ್ನೆ: ಸರ್, ಮೂರು ನಾಲ್ಕು ದೊಡ್ಡ ಕಂಪನಿಗಳೇ ಇರುವ ಕಡೆ ಒಬ್ಬರು ಬೆಲೆ ಏರಿಸಿದರೆ ಉಳಿದವರೂ ಬೆನ್ನಿಗೇ ಏರಿಸುತ್ತಾರೆ. ಒಬ್ಬರಾದರೂ ಇಳಿಸಿ ಗಿರಾಕಿಗಳನ್ನು ಸೆಳೆಯಬಹುದಲ್ಲ? ಇವರೆಲ್ಲ ಒಳಗೊಳಗೇ ಮಾತಾಡಿಕೊಂಡಿದ್ದಾರೆ ಎಂದೇ ತಿಳಿಯಬೇಕೆ?

ಉತ್ತರ: ಅರ್ಥಶಾಸ್ತ್ರದ ಪಾಠ ಹೇಳುತ್ತಿದ್ದ ದಿನಗಳಲ್ಲಿ ಈ ಪ್ರಶ್ನೆಗೆ ಮೊದಮೊದಲು ನಾನು 'ಹೌದು' ಎಂದುಬಿಡುತ್ತಿದ್ದೆ. ಅದು ತಪ್ಪು. ತುಟಿ ಬಿಚ್ಚದೆಯೂ ಬೆಲೆಗಳು ಒಂದಾಗುತ್ತವೆ.

ಅಂಥ ಒಂದು ಕಂಪನಿ ನಿಮ್ಮದೇ ಎಂದುಕೊಳ್ಳಿ. ಇಂದು ನೀವು ಬೆಲೆ ಇಳಿಸಿದರೆ ನಾಳೆ ಉಳಿದವರೂ ಇಳಿಸುತ್ತಾರೆ. ಗಿರಾಕಿಗಳು ಇದ್ದಲ್ಲೇ ಇರುತ್ತಾರೆ, ಲಾಭ ಮಾತ್ರ ಎಲ್ಲರಿಗೂ ಕರಗುತ್ತದೆ. ಇದು ಮೊದಲೇ ಗೊತ್ತಿರುವುದರಿಂದ ನೀವು ಇಳಿಸುವುದಿಲ್ಲ. 1838ರಲ್ಲೇ ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಕೂರ್ನೋ, ಖನಿಜಜಲ ಮಾರುವ ಇಬ್ಬರು ಚಿಲುಮೆ ಒಡೆಯರನ್ನು ಊಹಿಸಿಕೊಂಡು ಲೆಕ್ಕ ಹಾಕಿದ್ದ. ಇನ್ನೊಬ್ಬ ಎಷ್ಟು ಮಾರುತ್ತಾನೆ ಎಂದು ನೋಡಿಕೊಂಡು ತಾನೆಷ್ಟು ಮಾರಬೇಕೆಂದು ಇಬ್ಬರೂ ಪ್ರತ್ಯೇಕವಾಗಿ ನಿರ್ಧರಿಸಿದರೂ, ಬೆಲೆ ಏಕಸ್ವಾಮ್ಯದ, ಅಂದರೆ ಮಾರುವವ ಒಬ್ಬನೇ ಇದ್ದಾಗಿನ, ಬೆಲೆಗಿಂತ ಕೆಳಗೆ, ನಿಜವಾದ ಪೈಪೋಟಿಯ ಬೆಲೆಗಿಂತ ಮೇಲೆ ನಿಲ್ಲುತ್ತದೆ. 1883ರಲ್ಲಿ ಫ್ರಾನ್ಸಿನವನೇ ಆದ ಗಣಿತಜ್ಞ ಬರ್ಟ್ರಾಂಡ್ ಇದನ್ನು ಒಪ್ಪಲಿಲ್ಲ. ಬೆಲೆಯಲ್ಲೇ ಪೈಪೋಟಿಗೆ ಇಳಿದರೆ ಇಬ್ಬರಿದ್ದರೂ ಸಾಕು, ಬೆಲೆ ತಯಾರಿಕೆಯ ಖರ್ಚಿನವರೆಗೂ ಕುಸಿಯುತ್ತದೆ ಎಂದ. ಯಾರು ಸರಿ ಎಂಬುದು, ನೀವು ಬೆಲೆ ಇಳಿಸಿದ್ದು ಎದುರಾಳಿಗೆ ಎಷ್ಟು ಬೇಗ ತಿಳಿಯುತ್ತದೆ ಎಂಬುದರ ಮೇಲಿದೆ ಎಂದು ನನ್ನ ಅಭಿಪ್ರಾಯ. ದೊಡ್ಡ ಆರ್ಡರಿನ ದರವನ್ನು ಗುಟ್ಟಾಗಿ ಇಡಲು ಆಗುವ ಕಡೆ ಈ ಮೌನ ಬೇಗ ಮುರಿಯುತ್ತದೆ.

ಮಾತಾಡಿಕೊಂಡೇ ಮಾಡಿದ್ದೂ ಉಂಟು. 1924ರಲ್ಲಿ ಜಗತ್ತಿನ ದೊಡ್ಡ ಬಲ್ಬ್ ತಯಾರಕರು ಜಿನೀವಾದಲ್ಲಿ 'ಫೀಬಸ್' ಎಂಬ ಕಾರ್ಟೆಲ್, ಅಂದರೆ ಒಳಒಪ್ಪಂದದ ಕೂಟ, ಕಟ್ಟಿದರು. ಮಾರುಕಟ್ಟೆ ಹಂಚಿಕೊಂಡದ್ದಲ್ಲದೆ, ಬಲ್ಬಿನ ಆಯಸ್ಸನ್ನು 1,000 ಗಂಟೆಗೆ ಇಳಿಸಿದರು. ಅದಕ್ಕಿಂತ ಹೆಚ್ಚು ಹೊತ್ತು ಉರಿಯುವ ಬಲ್ಬ್ ಮಾಡಿದವರಿಗೆ ದಂಡ! ಆಯಸ್ಸು ಕಡಿಮೆಯಾದರೆ ಬೆಳಕು ಹೆಚ್ಚುತ್ತದೆ ಎಂಬ ಸಮರ್ಥನೆ ಇತ್ತು, ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಯಾವುದು ಬೇಕೆಂದು ಆರಿಸುವ ಹಕ್ಕು ಕೊಳ್ಳುವವರದಾಗಿತ್ತು. ಅದನ್ನು ಕಸಿದುಕೊಂಡದ್ದಕ್ಕೆ ನನಗೆ ಇಂದಿಗೂ ಸಿಟ್ಟಿದೆ.

ಕಾನೂನು ಹಿಡಿಯುವುದು ಇಂಥ ಮಾತುಕತೆಯನ್ನು. ಪಶು ಆಹಾರಕ್ಕೆ ಸೇರಿಸುವ ಲೈಸಿನ್‌ನ ಬೆಲೆ ನಿಗದಿ ಮಾಡಿಕೊಂಡವರ ಸಭೆಗಳನ್ನು ಒಳಗಿನ ಅಧಿಕಾರಿಯೊಬ್ಬರೇ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಗಾಗಿ ಗುಟ್ಟಾಗಿ ಧ್ವನಿಮುದ್ರಿಸಿದ್ದರು. ಅವರಲ್ಲೊಂದಾದ ಅಮೆರಿಕದ ಎಡಿಎಂ ಕಂಪನಿ 1996ರಲ್ಲಿ ತಪ್ಪೊಪ್ಪಿಕೊಂಡು, ಇದಕ್ಕೂ ಸಿಟ್ರಿಕ್ ಆಮ್ಲದ ಇಂಥದೇ ಒಪ್ಪಂದಕ್ಕೂ ಸೇರಿ 10 ಕೋಟಿ ಡಾಲರ್ ದಂಡ ಕಟ್ಟಿತು. ಅಂಥ ಸಾಕ್ಷ್ಯವಿಲ್ಲದೆ, ಬೆಲೆ ಒಂದೇ ಇದೆ ಎಂಬುದಷ್ಟೇ ನ್ಯಾಯಾಲಯಕ್ಕೆ ಸಾಲದು. ಕೊಳ್ಳುವವರಿಗೆ ಪೆಟ್ಟು ಮಾತ್ರ ಅವರು ಮಾತಾಡಿಕೊಂಡರೂ, ಮೌನವಾಗಿಯೇ ಒಂದಾದರೂ ಬೀಳುತ್ತದೆ.

ಅನುಮಾನ ಬಂದಾಗ ನಾನು ಮೊದಲು ನೋಡುವುದು, ಕಚ್ಚಾವಸ್ತು ಅಗ್ಗವಾದಾಗ ಬೆಲೆ ಇಳಿಯಿತೇ ಎಂದು. ಆಮೇಲೆ, ಹೊಸಬರು ಯಾರಾದರೂ ಒಳಗೆ ಬಂದು ಉಳಿದುಕೊಂಡರೇ ಎಂದು.