ಮೊಲ ಹಿಡಿದವರು, ಜಾಡು ತೋರಿಸಿದವನು

ಪತ್ರ: ಕಳೆದ ಸಂಚಿಕೆಯ ಚೀನಾ ಲೇಖನದಲ್ಲಿ ಹಾನ್ ವಂಶಕ್ಕೆ ನಾಲ್ಕು ಪುಟ, ಚಿನ್ ವಂಶಕ್ಕೆ ನಾಲ್ಕೇ ಸಾಲು! ದೇಶವನ್ನು ಒಂದು ಮಾಡಿದವನು, ಮಹಾಗೋಡೆಗೆ ಕೈಹಾಕಿದವನು, ಸಮಾಧಿಗೆ ಮಣ್ಣಿನ ಸೈನ್ಯ ಕಾವಲಿಟ್ಟವನು ಚಿನ್ ಚಕ್ರವರ್ತಿ. ಚೀನಾ ಎಂಬ ಹೆಸರೇ ಅವನ ವಂಶದ್ದು. ಇದು ಪಕ್ಷಪಾತವಲ್ಲವೇ? ಚಿತ್ರದುರ್ಗದ ಬಳಿಯ ನಮ್ಮ ಚಂದ್ರವಳ್ಳಿಯಲ್ಲಿ ಸಿಕ್ಕ ಚೀನೀ ನಾಣ್ಯವನ್ನೂ ಬಿಟ್ಟಿದ್ದೀರಿ. ನಿಮ್ಮ ಪತ್ರಿಕೆಯನ್ನು ಮೊದಲಿನಿಂದ ಓದುತ್ತಿರುವವನಾಗಿ ಕೇಳುತ್ತಿದ್ದೇನೆ.
– ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಮೇಷ್ಟ್ರೇ, ಪಕ್ಷಪಾತ ಹೌದು. ಆ ನಾಲ್ಕು ಸಾಲನ್ನೂ ಎರಡಕ್ಕಿಳಿಸಬೇಕೆಂದಿದ್ದೆ. ಸಹಾಯಕ ಸಂಪಾದಕರು ಬಿಡಲಿಲ್ಲ.

ಚಿನ್ ಚಕ್ರವರ್ತಿಗೆ ಸಲ್ಲಬೇಕಾದ್ದನ್ನು ಮೊದಲು ಸಲ್ಲಿಸಿಬಿಡುತ್ತೇನೆ. ಕ್ರಿ.ಪೂ. 221ರ ಹೊತ್ತಿಗೆ ಉಳಿದ ರಾಜ್ಯಗಳನ್ನೆಲ್ಲ ನುಂಗಿ, ತೂಕ, ಅಳತೆ, ಲಿಪಿ, ಕಡೆಗೆ ಗಾಡಿಯ ಅಚ್ಚಿನ ಉದ್ದವನ್ನೂ ಒಂದು ಮಾಡಿದ. ಸಣ್ಣ ಕೆಲಸವಲ್ಲ. ಆದರೆ ಸಾಮ್ರಾಜ್ಯ ಬಾಳಿದ್ದು ಸುಮಾರು 15 ವರ್ಷ. ಅದರ ಬೆನ್ನಿಗೆ ಬಂದ ಹಾನ್ ವಂಶ, ನಡುವೆ ವಾಂಗ್ ಮಾಂಗ್ ಸಿಂಹಾಸನ ಕಸಿದುಕೊಂಡ ಅವಧಿ ಬಿಟ್ಟರೆ, ಕ್ರಿ.ಶ. 220ರವರೆಗೆ ನಡೆಯಿತು. ಚೀನಾ ಎಂಬ ಹೆಸರು ಚಿನ್‌ನಿಂದ ಬಂತೆಂದು ಬಹಳ ಜನ ಹೇಳುತ್ತಾರೆ, ಇರಲಿ. ಅದು ಹೊರಗಿನವರು ಕರೆದ ಹೆಸರು. ಅಲ್ಲಿನ ಬಹುಸಂಖ್ಯಾತರು ಇವತ್ತಿಗೂ ತಮ್ಮನ್ನು ಕರೆದುಕೊಳ್ಳುವುದು ಹಾನ್ ಜನ ಎಂದು. ಅವರ ಅಕ್ಷರ ಹಾನ್‌ಝೀ. ಜಪಾನಿನವರು ಕಾಂಜಿ ಅನ್ನುವುದೂ, ಕೊರಿಯಾದವರು ಹಾಂಜಾ ಅನ್ನುವುದೂ ಅದನ್ನೇ.

ಇಷ್ಟು ಬಾಳಿಕೆ ಎಲ್ಲಿಂದ ಬಂತು? ನನ್ನ ಉತ್ತರ: ಒಬ್ಬ ಗುಮಾಸ್ತನಿಂದ. ಹಾನ್ ವಂಶದ ಮೂಲಪುರುಷ ಲಿಯು ಬಾಂಗ್ ಹಳ್ಳಿ ಕಡೆಯ ಸಣ್ಣ ಅಧಿಕಾರಿ. ಅವನ ಗೆಳೆಯ ಶಿಯಾವೊ ಹ, ಅದೇ ಸೀಮೆಯ ಕಚೇರಿಯಲ್ಲಿ ಬರೆಯುವ ಕೆಲಸದವನು. ದಂಗೆ ಎದ್ದ ಇವರ ಪಡೆ ಚಿನ್ ರಾಜಧಾನಿ ಶಿಯೆನ್‌ಯಾಂಗಿಗೆ ನುಗ್ಗಿದಾಗ ದಳಪತಿಗಳೆಲ್ಲ ಬಂಗಾರ, ರೇಷ್ಮೆ ಇದ್ದ ಕಡೆ ಓಡಿದರು. ಶಿಯಾವೊ ಹ ಸೀದಾ ದಫ್ತರಕ್ಕೆ ಹೋಗಿ ಕಾನೂನು, ನಕಾಶೆ, ಲೆಕ್ಕಪತ್ರ ಹೊರಿಸಿಕೊಂಡು ಬಂದ. ಆಮೇಲೆ ಲಿಯು ಬಾಂಗನ ಎದುರಾಳಿ ಶಿಯಾಂಗ್ ಯು ಆ ಅರಮನೆಗಳಿಗೆ ಬೆಂಕಿ ಇಟ್ಟ. ಮೂರು ತಿಂಗಳು ಉರಿಯಿತೆಂದು ಇತಿಹಾಸಕಾರ ಸಿಮಾ ಚಿಯೆನ್ ಬರೆಯುತ್ತಾನೆ. ಯಾವ ಸೀಮೆಯಲ್ಲಿ ಎಷ್ಟು ಮನೆ, ಯಾವ ಕಣಿವೆಯಲ್ಲಿ ದಾರಿ ಎಂಬುದು ಅಷ್ಟರಲ್ಲಿ ಲಿಯು ಬಾಂಗನ ಕೈಯಲ್ಲಿತ್ತು.

ಆ ಕಡತ ಬರೆದಿಟ್ಟವರು ಚಿನ್ ಗುಮಾಸ್ತರೇ ತಾನೇ ಎನ್ನುತ್ತೀರಿ. ನಿಜ. ನನಗೆ ಅದನ್ನು ಎತ್ತಿಕೊಂಡು ಬಂದವನ ಮೇಲೆ ಪ್ರೀತಿ ಹೆಚ್ಚು, ಏನು ಮಾಡಲಿ.

ಗೆದ್ದಮೇಲೆ ಲಿಯು ಬಾಂಗ್ ಮೊದಲ ಮರ್ಯಾದೆಯನ್ನು ಇವನಿಗೇ ಕೊಟ್ಟ. ಮೈತುಂಬ ಗಾಯ ಮಾಡಿಕೊಂಡಿದ್ದ ದಳಪತಿಗಳು ಗೊಣಗಿದರು. ಮೊಲದ ಬೆನ್ನು ಹತ್ತಿ ಹಿಡಿಯುವುದು ನಾಯಿ, ಜಾಡು ತೋರಿಸುವುದು ಮನುಷ್ಯ. ನೀವು ಮಾಡಿದ್ದು ಮೊದಲನೆಯದು ಎಂದುಬಿಟ್ಟ ದೊರೆ.

ಈ ಲೆಕ್ಕದ ಚಾಳಿ ಎಲ್ಲಿಯವರೆಗೆ ಹೋಯಿತು ನೋಡಿ. ವಾಯವ್ಯ ಗಡಿಯ ಮರಳುಗಾಡಿನ ಜ್ಯುಯೆನ್ ಎಂಬಲ್ಲಿ ಎರಡು ಕಾವಲು ಠಾಣ್ಯಗಳ ದಾಸ್ತಾನು ಪಟ್ಟಿ ಸಿಕ್ಕಿದೆ, ಕ್ರಿ.ಶ. 93ರಿಂದ 95ರದ್ದು. ಮರದ 77 ತೆಳು ಸೀಳುಗಳ ಮೇಲೆ ಬರೆದದ್ದು, ಅವನ್ನು ಪೋಣಿಸಿದ ಹುರಿಯೂ ಹಾಗೇ ಇದೆ. ಅಡ್ಡಬಿಲ್ಲು ಎರಡು, ಬಾಣ 88, ಹಂಡೆ ಒಂದು, ಬೀಸುಕಲ್ಲು ಎರಡು ಜೊತೆ. ಒಂದು ಬೀಸುಕಲ್ಲಿನ ಮೇಲಿನ ಕಲ್ಲು ಎರಡು ಕಡೆ ಮುಕ್ಕಾಗಿದೆ ಎಂಬುದನ್ನೂ ಬರೆದಿದ್ದಾರೆ! ಇಂಥವರು ಕ್ರಿ.ಶ. 2ರಲ್ಲಿ ತಲೆ ಎಣಿಸಿ 5,95,94,978 ಜನ ಎಂದರೆ ಆ ಕೊನೆಯ ಎಂಟನ್ನೂ ನಂಬೋಣ ಅನಿಸುತ್ತದೆ. ಕ್ರಿ.ಶ. 105ರಲ್ಲಿ ತ್ಸಾಯ್ ಲುನ್ ಮರದ ತೊಗಟೆ, ಚಿಂದಿಬಟ್ಟೆ, ಹಳೇ ಮೀನುಬಲೆಗಳಿಂದ ಕಾಗದ ಮಾಡಿ ದೊರೆಗೆ ಒಪ್ಪಿಸಿದ್ದೂ ಇದೇ ವಂಶದ ಆಸ್ಥಾನದಲ್ಲಿ.

ಚಂದ್ರವಳ್ಳಿಯ ನಾಣ್ಯ ಹಾನ್ ಕಾಲದ್ದೇ ಎಂಬುದಕ್ಕೆ ತಕರಾರಿದೆ. ನನ್ನ ಪಕ್ಷಕ್ಕೆ ಅನುಕೂಲವೇ, ಆದರೂ ಸಾಕ್ಷಿಗೆ ಕರೆಯಲಾರೆ.

ನನ್ನ ಹೊಟ್ಟೆಯುರಿ ಬೇರೆ. ಅಜ್ಜನ ಜಮೀನಿನ ನಕಲಿಗೆಂದು ಒಮ್ಮೆ ಒಂದು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಿದ್ದೆ. ಕೆಂಪು ಬಟ್ಟೆಯ ಗಂಟು ಬಿಚ್ಚಿದರೆ ಒಳಗೆ ಬರೀ ಮಣ್ಣು. “ಗೆದ್ದಲು ತಿಂದಿದೆ ಸಾರ್, ಅಫಿಡವಿಟ್ ಮಾಡಿಸ್ಕೊಂಡ್ ಬನ್ನಿ” ಅಂದರು. ಹೊರಗೆ ಬಂದರೆ ಅದೇ ದಿನ ಸರ್ಕಲ್ಲಿನಲ್ಲಿ ಪ್ರತಿಮೆ ಅನಾವರಣ. ಕುದುರೆ, ಕತ್ತಿ, ಪಟಾಕಿ. ಶಾಲೆಯಲ್ಲೂ ನಾವು ಕಲಿಸುವುದು ಯುದ್ಧದ ಇಸವಿಗಳನ್ನೇ. ಮೇಷ್ಟ್ರೇ, ಕೋಪ ಬೇಡ, ತಾವೂ ಅದನ್ನೇ ಬಾಯಿಪಾಠ ಮಾಡಿಸಿದವರು.

ಹಾಗಂತ ನಾನು ಸಾಚಾ ಅಲ್ಲ. ನಮ್ಮ ಪತ್ರಿಕೆಯ ಮೊದಲ ಮೂರು ವರ್ಷದ ಸಂಚಿಕೆಗಳು ನಮ್ಮ ಕಚೇರಿಯಲ್ಲೇ ಇಲ್ಲ. ಸೋರುವ ಮಾಡಿನ ಕೆಳಗೆ ಇಟ್ಟವನು ನಾನೇ. ತಾವು ಮೊದಲಿನಿಂದ ಓದುತ್ತಿರುವವರು. ಅಟ್ಟದ ಮೇಲೆ ಎಲ್ಲಾದರೂ ಇದ್ದರೆ ಒಂದು ಕಾರ್ಡು ಹಾಕಿ. ರಾತ್ರಿ ಬಸ್ಸಿಗೆ ಹೊರಟು ಬರುತ್ತೇನೆ. ಗೋಣಿಚೀಲ ನಾನೇ ತರುತ್ತೇನೆ.